ಮುಗಿಯದ ಓಟ

ಮೈಸೂರಿನಿಂದ ಹಂಪಾಪುರದ ಮಾರ್ಗವಾಗಿ ಹೆಗ್ಗಡದೇವನಕೋಟೆಗೆ ಸುಮಾರು 50 ಕಿಲೋಮೀಟರು ದೂರ. ಬಸ್ಸಿಗೆ ಈ ಹಾದಿಯನ್ನು ಕ್ರಮಿಸಲು ಒಂದು ಗಂಟೆಗೂ ಮಿಗಿಲಾದ ಕಾಲ ಬೇಕು. ಗಂಟೆಗೆ 300 ಕಿಲೋಮೀಟರು ವೇಗದಲ್ಲಿ ಓಡುವ ಪಂದ್ಯದ ಕಾರಿಗಾದರೋ ಹತ್ತೇ ನಿಮಿಷ ಸಾಕು. ಆ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 80 ಮೀಟರಿಗಿಂತಲೂ ಹೆಚ್ಚು ದೂರ ಸಾಗಿರುತ್ತದೆ. ಆ ಒಂದು ಸೆಕೆಂಡಿನಲ್ಲಿ ಚಾಲಕನ ಕೈ ತಪ್ಪಿದರೂ, ಯಂತ್ರದ ಒಂದು ಭಾಗ ಕೈಕೊಟ್ಟರೂ ಪ್ರಾಣಕ್ಕೇ ಸಂಚಕಾರ. ಇಂತಹ ವೇಗವನ್ನೇ ಬಾಳಿನ ಉಸಿರಾಗಿಸಿಕೊಂಡು, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಪಂದ್ಯದ ನಡುವೆಯೇ ಮಡಿದವನು ಬ್ರೆಜಿಲ್ ದೇಶದ ಅಯರ್ಟನ್ ಸೆನ್ನಾ.

ಸೆನ್ನಾ 1960ರ ಮಾರ್ಚ್ 21ರಂದು ಸಾವೊ ಪಾಲೊ ನಗರದ ಅನುಕೂಲಸ್ಥ ಕುಟುಂಬವೊಂದರಲ್ಲಿ ಜನಿಸಿದನು. ಅವನಿಗೆ ನಾಲ್ಕು ವರ್ಷವಾದಾಗ ತಂದೆಯು, ಹುಲ್ಲು ಕತ್ತರಿಸುವ ಯಂತ್ರದ ಎಂಜಿನನ್ನು ಅಳವಡಿಸಿ ಮಗನಿಗಾಗಿ ಒಂದು ಪುಟ್ಟ ಬಂಡಿಯನ್ನು ಮಾಡಿಕೊಟ್ಟನು. ಆಟಿಕೆಯಾಗಿ ಬಂದ ಆ ಬಂಡಿಯೇ ಬಾಲಕನ ಮೊದಲ ಗುರುವಾಯಿತು. ಹದಿಮೂರನೆಯ ವಯಸ್ಸಿನಲ್ಲಿ ಅವನು ಕಾರ್ಟ್ ಎಂಬ ಚಿಕ್ಕ ಬಂಡಿಗಳ ಪಂದ್ಯಕ್ಕೆ ಇಳಿದನು. ಮೊದಮೊದಲು ಮಳೆಯಲ್ಲಿ ನಡೆದ ಪಂದ್ಯವೊಂದರಲ್ಲಿ ಅವನ ಬಂಡಿ ಜಾರಿ ಜಾರಿ ಹಿಂದೆ ಬಿದ್ದಿತು. ಇತರರು ಮಳೆ ಬಂದೊಡನೆ ಮನೆ ಸೇರುತ್ತಿದ್ದರೆ, ಅಂದಿನಿಂದ ಸೆನ್ನಾ ಮಳೆ ಬಂದೊಡನೆ ಅಭ್ಯಾಸಕ್ಕೆ ಹೊರಡುತ್ತಿದ್ದನು. ತನ್ನ ಕೊರತೆಯನ್ನೇ ಬಲವಾಗಿ ಮಾಡಿಕೊಂಡ ಈ ಛಲ ಅವನ ಜೀವನದುದ್ದಕ್ಕೂ ಕಾಣುತ್ತದೆ.

1981ರಲ್ಲಿ ಅವನು ತಾಯ್ನಾಡನ್ನು ಬಿಟ್ಟು ಇಂಗ್ಲೆಂಡಿಗೆ ತೆರಳಿದನು. ಅಲ್ಲಿಯ ಕಿರಿಯ ದರ್ಜೆಯ ಪಂದ್ಯಗಳಲ್ಲಿ ಗೆದ್ದು, 1984ರಲ್ಲಿ ಫಾರ್ಮುಲಾ ಒನ್ ಪಂದ್ಯಗಳನ್ನು ಪ್ರವೇಶಿಸಿದನು. ಒಬ್ಬನೇ ಕೂರಬಹುದಾದ ಕಾರುಗಳು ವರ್ಷವಿಡೀ ನಾನಾ ದೇಶಗಳಲ್ಲಿ ಸ್ಪರ್ಧಿಸುವ ಈ ಪಂದ್ಯಮಾಲೆ ಮೋಟಾರು ಕ್ರೀಡೆಯಲ್ಲಿ ಅತ್ಯುನ್ನತವಾದುದು. ಆ ವರ್ಷ ಮೊನಾಕೊ ನಗರದಲ್ಲಿ ಮಳೆ ಸುರಿಯುತ್ತಿರುವಾಗಲೇ ಪಂದ್ಯ ನಡೆಯಿತು. ಸಾಧಾರಣವಾದ ಕಾರಿನಲ್ಲಿ ಹದಿಮೂರನೆಯ ಸ್ಥಾನದಿಂದ ಹೊರಟ ಸೆನ್ನಾ ಒಬ್ಬೊಬ್ಬರನ್ನೇ ಹಿಂದಿಕ್ಕುತ್ತ ಎರಡನೆಯ ಸ್ಥಾನಕ್ಕೆ ಬಂದನು. ಮಳೆ ಬಲವಾಗಿ ಪಂದ್ಯವನ್ನು ನಡುವೆಯೇ ನಿಲ್ಲಿಸಲಾಯಿತು. ಗೆದ್ದವನು ಫ್ರಾನ್ಸಿನ ಅಲೇನ್ ಪ್ರಾಸ್ಟ್. ಆದರೆ ಜಗತ್ತು ಗುರುತಿಸಿದ್ದು ಸೆನ್ನಾನನ್ನು.

1988, 1990 ಮತ್ತು 1991ರಲ್ಲಿ ಅವನು ವಿಶ್ವ ಚಾಂಪಿಯನ್ ಆದನು. 1991ರಲ್ಲಿ ತನ್ನ ಹುಟ್ಟೂರಿನಲ್ಲಿ ನಡೆದ ಪಂದ್ಯದ ಕೊನೆಯ ಸುತ್ತುಗಳಲ್ಲಿ ಕಾರಿನ ಗೇರುಗಳು ಕೆಟ್ಟು ಆರನೆಯ ಗೇರೊಂದೇ ಉಳಿಯಿತು. ಆದರೂ ಅವನು ಗೆದ್ದನು. ತೋಳುಗಳು ಎಷ್ಟು ಸೋತಿದ್ದವೆಂದರೆ, ಗೆದ್ದ ಬಹುಮಾನವನ್ನು ಎತ್ತಿ ಹಿಡಿಯುವುದೇ ಅವನಿಗೆ ಕಷ್ಟವಾಯಿತು.

ಸೆನ್ನಾ ದೋಷವಿಲ್ಲದ ಮನುಷ್ಯನೇನಲ್ಲ. 1990ರಲ್ಲಿ ಜಪಾನಿನ ಪಂದ್ಯದ ಮೊದಲ ತಿರುವಿನಲ್ಲೇ ಅವನ ಕಾರು ಪ್ರಾಸ್ಟ್‌ನ ಕಾರಿಗೆ ಡಿಕ್ಕಿ ಹೊಡೆಯಿತು. ಇಬ್ಬರೂ ಪಂದ್ಯದಿಂದ ಹೊರಬಿದ್ದುದರಿಂದ ಆ ವರ್ಷದ ಪದವಿ ಸೆನ್ನಾನ ಪಾಲಾಯಿತು. ತಾನು ಬೇಕೆಂದೇ ಹಾಗೆ ಮಾಡಿದುದಾಗಿ ಮರುವರ್ಷ ಅವನೇ ಒಪ್ಪಿಕೊಂಡನು. ಗೆಲುವಿನ ಹಂಬಲ ಅವನನ್ನು ಹೀಗೆ ಅಪಾಯದ ಅಂಚಿಗೂ ಒಯ್ಯುತ್ತಿತ್ತು. ಅದೇ ಮನುಷ್ಯ 1992ರಲ್ಲಿ ಬೆಲ್ಜಿಯಮ್ಮಿನ ಅಭ್ಯಾಸದ ವೇಳೆ ಎರಿಕ್ ಕೊಮಾಸ್ ಎಂಬ ಚಾಲಕ ಅಪಘಾತಕ್ಕೀಡಾದುದನ್ನು ಕಂಡು ತನ್ನ ಕಾರನ್ನು ನಿಲ್ಲಿಸಿದನು. ಇತರ ಕಾರುಗಳು ಬರುತ್ತಿದ್ದ ಹಾದಿಯಲ್ಲೇ ಓಡಿಹೋಗಿ, ಆ ಕಾರಿನ ಎಂಜಿನನ್ನು ಆರಿಸಿ ಅವನಿಗೆ ನೆರವಾದನು.

1994ರಲ್ಲಿ ಇಟಲಿಯ ಇಮೋಲಾದಲ್ಲಿ ಪಂದ್ಯ ಏರ್ಪಟ್ಟಿತ್ತು. ಶುಕ್ರವಾರ ಬ್ರೆಜಿಲಿನ ಕಿರಿಯ ಚಾಲಕ ಬ್ಯಾರಿಕೆಲ್ಲೊ ಭಾರಿ ಅಪಘಾತದಲ್ಲಿ ಗಾಯಗೊಂಡನು. ಶನಿವಾರ ಆಸ್ಟ್ರಿಯಾದ ರೋಲಂಡ್ ರಾಟ್ಜೆನ್‌ಬರ್ಗರ್ ಗೋಡೆಗೆ ಬಡಿದು ಮರಣ ಹೊಂದಿದನು. ಸೆನ್ನಾನ ಮನಸ್ಸು ಕಲಕಿಹೋಯಿತು. ಪಂದ್ಯಗಳ ವೈದ್ಯರೂ ಅವನ ಆಪ್ತರೂ ಆಗಿದ್ದ ಸಿಡ್ ವಾಟ್ಕಿನ್ಸ್ ಅವರು ಈ ಕ್ರೀಡೆಯನ್ನೇ ಬಿಟ್ಟುಬಿಡುವಂತೆ ಹೇಳಿದರು. ತನ್ನಿಂದ ಅದು ಆಗದೆಂದು ಅವನು ಉತ್ತರಿಸಿದನು. ಭಾನುವಾರ, ಮೇ 1ರ ಬೆಳಿಗ್ಗೆ, ಚಾಲಕರ ಸುರಕ್ಷತೆಗಾಗಿ ಅವರ ಸಂಘವನ್ನು ಮತ್ತೆ ಕಟ್ಟುವ ವಿಚಾರವನ್ನು ಸಹಚಾಲಕರೊಡನೆ ಚರ್ಚಿಸಿದನು. ಅದೇ ಮಧ್ಯಾಹ್ನ, ಪಂದ್ಯದ ಏಳನೆಯ ಸುತ್ತಿನಲ್ಲಿ, ಟಾಂಬುರೆಲ್ಲೊ ಎಂಬ ತಿರುವಿನಲ್ಲಿ ಅವನ ಕಾರು ಹಾದಿ ತಪ್ಪಿ ಕಾಂಕ್ರೀಟು ಗೋಡೆಗೆ ಅಪ್ಪಳಿಸಿತು. ಆ ದಿನವೇ ಬೊಲೋನ್ಯಾ ನಗರದ ಆಸ್ಪತ್ರೆಯಲ್ಲಿ ಅವನು ಕೊನೆಯುಸಿರೆಳೆದನು. ಒಡೆದ ಕಾರಿನೊಳಗೆ ಆಸ್ಟ್ರಿಯಾದ ಬಾವುಟವೊಂದು ದೊರೆಯಿತು. ಗೆದ್ದರೆ ರಾಟ್ಜೆನ್‌ಬರ್ಗರನ ನೆನಪಿಗಾಗಿ ಅದನ್ನು ಹಾರಿಸಬೇಕೆಂಬುದು ಸೆನ್ನಾನ ಸಂಕಲ್ಪವಾಗಿತ್ತು.

ಬ್ರೆಜಿಲ್ ಸರ್ಕಾರ ಮೂರು ದಿನಗಳ ಶೋಕಾಚರಣೆಯನ್ನು ಘೋಷಿಸಿತು. ಸಾವೊ ಪಾಲೊ ನಗರದ ಬೀದಿಗಳಲ್ಲಿ ಲಕ್ಷಾಂತರ ಜನ ನೆರೆದು ಕಣ್ಣೀರಿಟ್ಟರು. ಅದೇ ವರ್ಷ ವಿಶ್ವಕಪ್ ಗೆದ್ದ ಬ್ರೆಜಿಲಿನ ಫುಟ್‌ಬಾಲ್ ತಂಡ ಆ ಗೆಲುವನ್ನು ಅವನಿಗೆ ಅರ್ಪಿಸಿತು.

ಅಕಾಲ ಮರಣಕ್ಕೆ ಒಂದು ವಿಚಿತ್ರ ಶಕ್ತಿಯಿದೆ. ಅಭಿಮನ್ಯುವನ್ನು ನಾವು ಮುದುಕನಾಗಿ ಊಹಿಸಲಾರೆವು. ಹಾಗೆಯೇ ಸೆನ್ನಾನ ಕೈ ನಿಧಾನವಾದುದನ್ನು ಯಾರೂ ಕಾಣಲಿಲ್ಲ. 161 ಪಂದ್ಯಗಳಲ್ಲಿ ಅವನು ಗಳಿಸಿದ ಗೆಲುವುಗಳು 41. ಎಲ್ಲರಿಗಿಂತ ಮುಂದೆ ನಿಂತು ಪಂದ್ಯವನ್ನು ಆರಂಭಿಸಿದ್ದು 65 ಸಲ. ಈ ಅಂಕಿಗಳನ್ನು ಮುಂದೆ ಬೇರೆಯವರು ದಾಟಿದರು. 2000ದಲ್ಲಿ 41ನೆಯ ಗೆಲುವನ್ನು ಪಡೆದ ಜರ್ಮನಿಯ ಮೈಕೆಲ್ ಶೂಮಾಕರ್, ಸೆನ್ನಾನ ಹೆಸರು ಬಂದಾಗ ಎಲ್ಲರೆದುರು ಅತ್ತುಬಿಟ್ಟನು. ದಾಖಲೆಗಳು ಅಳಿದರೂ ಸೆನ್ನಾನ ಚಿತ್ರ ಅಳಿಯಲಿಲ್ಲ. ಆದರೆ ಇದೇ ಶಕ್ತಿ ನಮ್ಮ ಕಣ್ಣಿಗೆ ಮಂಜನ್ನೂ ಕವಿಸುತ್ತದೆ. ಅವನ ತಪ್ಪುಗಳನ್ನು ಮರೆಯುವಂತೆ ಮಾಡುತ್ತದೆ. ಒಂದು ದಿನ ಮೊದಲು ಅದೇ ಹಾದಿಯಲ್ಲಿ ಮಡಿದ ರಾಟ್ಜೆನ್‌ಬರ್ಗರನನ್ನು ನೆನೆಯುವವರು ಎಷ್ಟು ಮಂದಿ? ಅವನ ಪ್ರಾಣವೂ ಅಷ್ಟೇ ಅಮೂಲ್ಯವಾದುದಲ್ಲವೇ?

ಆದ್ದರಿಂದ ಸೆನ್ನಾನ ನಿಜವಾದ ಕೀರ್ತಿಯನ್ನು ಅವನ ಸಾವಿನಲ್ಲಿ ಅರಸಬಾರದು. ಆ ಸಾವಿನಿಂದ ಬದುಕಿರುವವರು ಕಲಿತ ಪಾಠದಲ್ಲಿ ಅರಸಬೇಕು. ಎರಡೇ ವಾರಗಳಲ್ಲಿ ಚಾಲಕರ ಸಂಘ ಮತ್ತೆ ತಲೆಯೆತ್ತಿತು. ಟಾಂಬುರೆಲ್ಲೊ ತಿರುವನ್ನು ಬದಲಿಸಿ ಅಲ್ಲಿಯ ವೇಗವನ್ನು ತಗ್ಗಿಸಲಾಯಿತು. ವಾಟ್ಕಿನ್ಸ್ ಅವರ ನೇತೃತ್ವದ ತಜ್ಞರ ಸಮಿತಿ ಕಾರಿನ ರಚನೆಯನ್ನೂ ಪಂದ್ಯದ ಹಾದಿಗಳನ್ನೂ ಪರಿಶೀಲಿಸಿತು. ಚಾಲಕನ ತಲೆಯ ಇಕ್ಕೆಲಗಳಲ್ಲಿ ಎತ್ತರವಾದ ರಕ್ಷಣೆ ಬಂದಿತು. 2003ರಲ್ಲಿ ಕತ್ತನ್ನು ಕಾಪಾಡುವ ಪಟ್ಟಿ ಕಡ್ಡಾಯವಾಯಿತು. ಸೆನ್ನಾನ ಮರಣದ ನಂತರ ಇಪ್ಪತ್ತು ವರ್ಷಗಳ ಕಾಲ ಈ ಪಂದ್ಯಮಾಲೆಯಲ್ಲಿ ಯಾವ ಚಾಲಕನೂ ಪ್ರಾಣಾಂತಿಕವಾಗಿ ಗಾಯಗೊಳ್ಳಲಿಲ್ಲ. 2014ರ ಅಪಘಾತದಲ್ಲಿ ಗಾಯಗೊಂಡ ಜೂಲ್ಸ್ ಬಿಯಾಂಕಿ ಮರುವರ್ಷ ತೀರಿಕೊಂಡಾಗ, ಆ ಪಾಠ ಇನ್ನೂ ಮುಗಿದಿಲ್ಲವೆಂದು ಎಲ್ಲರೂ ಅರಿತರು.

ತಾಯ್ನಾಡಿನ ಬಡಮಕ್ಕಳಿಗಾಗಿ ಏನನ್ನಾದರೂ ಮಾಡಬೇಕೆಂಬ ಆಸೆಯನ್ನು ಸೆನ್ನಾ ಅಕ್ಕ ವಿವಿಯಾನೆಯೊಡನೆ ತೋಡಿಕೊಂಡಿದ್ದನು. ಅವನು ತೀರಿಕೊಂಡ ವರ್ಷವೇ ಅವಳು ಅವನ ಹೆಸರಿನಲ್ಲಿ ಸಂಸ್ಥೆಯೊಂದನ್ನು ಸ್ಥಾಪಿಸಿ ಮಕ್ಕಳ ಶಿಕ್ಷಣಕ್ಕೆ ಕೈಹಾಕಿದಳು. ಸೆನ್ನಾನ ಕಾರನ್ನು ಎಂದೂ ಕಾಣದ ಎಷ್ಟೋ ಮಕ್ಕಳು ಆ ಸಂಸ್ಥೆಯ ನೆರವಿನಿಂದ ಅಕ್ಷರ ಕಲಿತಿದ್ದಾರೆ. ಇಮೋಲಾದ ಗೋಡೆಯ ಬಳಿ ನಿಂತುಹೋದ ಓಟವನ್ನು ಇಂದು ಮುಂದುವರಿಸುತ್ತಿರುವವರು ಆ ಮಕ್ಕಳೇ.