ಸರ್ ರೊನಾಲ್ಡ್ ರಾಸ್

ಮಲೆನಾಡಿನ ಕಾಫಿ ತೋಟಗಳು ಒಂದು ಕಾಲದಲ್ಲಿ ಚಳಿಜ್ವರದ ಬೀಡಾಗಿದ್ದವು. ದುಡಿಯಲು ಬಂದ ಆಳು ಜ್ವರದಿಂದ ಮಲಗಿದರೆ ಅವನ ಕೂಲಿ ತಪ್ಪುತ್ತಿತ್ತು. ತೋಟದ ಕೆಲಸವೂ ನಿಲ್ಲುತ್ತಿತ್ತು. ಕೆಟ್ಟ ಗಾಳಿಯೇ ಇದಕ್ಕೆ ಕಾರಣವೆಂದು ಜನರು ನಂಬಿದ್ದರು. ಆ ನಂಬಿಕೆಯನ್ನು ಅಳಿಸಿದವರು ಸರ್ ರೊನಾಲ್ಡ್ ರಾಸ್.

ರಾಸ್ ಅವರು 1857ರ ಮೇ 13ರಂದು ಹಿಮಾಲಯದ ತಪ್ಪಲಿನ ಆಲ್ಮೋರಾದಲ್ಲಿ ಜನಿಸಿದರು. ಕಾವ್ಯ, ಗಣಿತಗಳಲ್ಲಿ ಅವರಿಗೆ ಹೆಚ್ಚಿನ ಒಲವು. ಆದರೂ ತಂದೆಯ ಇಚ್ಛೆಯಂತೆ ಇಂಗ್ಲೆಂಡಿನಲ್ಲಿ ವೈದ್ಯಶಾಸ್ತ್ರವನ್ನು ಓದಿ, 1881ರಲ್ಲಿ ಭಾರತದ ವೈದ್ಯಕೀಯ ಸೇವೆಗೆ ಸೇರಿದರು.

1883ರಲ್ಲಿ ಅವರು ಬೆಂಗಳೂರು ದಂಡಿನ ಸೈನ್ಯಕ್ಕೆ ವೈದ್ಯರಾಗಿ ಬಂದರು. ಅವರ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ವಿಪರೀತವಾಗಿತ್ತು. ಕಿಟಕಿಯ ಹೊರಗಿದ್ದ ತೊಟ್ಟಿಯ ನೀರಿನಲ್ಲಿ ಸೊಳ್ಳೆಯ ಮರಿಗಳು ತುಂಬಿರುವುದನ್ನು ಕಂಡು ನೀರನ್ನು ಚೆಲ್ಲಿಸಿದರು. ಕಾಟ ತಗ್ಗಿತು. ಸೊಳ್ಳೆಗೂ ಜ್ವರಕ್ಕೂ ಇರುವ ನಂಟು ಆಗಿನ್ನೂ ಯಾರಿಗೂ ಖಚಿತವಾಗಿ ತಿಳಿದಿರಲಿಲ್ಲ.

1894ರಲ್ಲಿ ಲಂಡನ್ನಿನ ವೈದ್ಯ ಪ್ಯಾಟ್ರಿಕ್ ಮ್ಯಾನ್ಸನ್ ಅವರು ಈ ನಂಟಿನ ಸುಳಿವನ್ನಿತ್ತರು. ರಾಸ್ ಅವರು ಸಿಕಂದರಾಬಾದಿನಲ್ಲಿ ಸಂಶೋಧನೆಗೆ ತೊಡಗಿದರು. 1895ರಲ್ಲಿ ಬೆಂಗಳೂರಿನಲ್ಲಿ ಕಾಲರಾ ಹಬ್ಬಿದಾಗ ಸರ್ಕಾರ ಅವರನ್ನು ಮತ್ತೆ ಇಲ್ಲಿಗೆ ಕಳುಹಿಸಿತು. ಅವರು ದಂಡುಪ್ರದೇಶದ ನೈರ್ಮಲ್ಯವನ್ನೂ ಅದರ ನಿಯಮಗಳನ್ನೂ ಪರಿಶೀಲಿಸಿ ವರದಿಯೊಂದನ್ನು ಸಿದ್ಧಪಡಿಸಿದರು. 1897ರಲ್ಲಿ ನೀಲಗಿರಿಯ ಸೀಗೂರು ಕಣಿವೆಗೆ ಹೋದಾಗ ಅವರಿಗೇ ಮಲೇರಿಯಾ ತಗಲಿತು. ಅವರು ಎದೆಗುಂದಲಿಲ್ಲ.

ಹುಸೇನ್ ಖಾನ್ ಎಂಬ ರೋಗಿ, ಸೊಳ್ಳೆಗೊಂದಾಣೆಯಂತೆ ಹಣ ಪಡೆದು, ಸೊಳ್ಳೆಗಳಿಗೆ ತನ್ನ ರಕ್ತವನ್ನು ನೀಡಿದನು. 1897ರ ಆಗಸ್ಟ್ 20ರಂದು ಅಂತಹ ಒಂದು ಅನಾಫಿಲಿಸ್ ಸೊಳ್ಳೆಯ ಜಠರದಲ್ಲಿ ರಾಸ್ ಅವರು ರೋಗಾಣುವನ್ನು ಕಂಡರು. ಮರುವರ್ಷ ಕಲ್ಕತ್ತೆಯಲ್ಲಿ, ಸೊಳ್ಳೆಯ ಕಡಿತದಿಂದಲೇ ರೋಗ ಹರಡುವುದೆಂದು ಹಕ್ಕಿಗಳ ಮೇಲಿನ ಪ್ರಯೋಗದಿಂದ ಸಿದ್ಧಪಡಿಸಿದರು. 1902ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಕಾರಣ ತಿಳಿದ ಮಾತ್ರಕ್ಕೆ ರೋಗ ಅಳಿಯದು. ನಿಂತ ನೀರನ್ನು ಹರಿಯಿಸುವುದು ಒಬ್ಬ ಬಡ ಕೂಲಿಯಿಂದ ಆಗುವ ಕೆಲಸವಲ್ಲ. ಆದುದರಿಂದ ರಾಸ್ ಅವರು ಸೊಳ್ಳೆಗಳ ನಿವಾರಣೆ ಸಾರ್ವಜನಿಕ ಕರ್ತವ್ಯವೆಂದು ಸಾರುತ್ತ ಬಂದರು. ಕಬ್ಬಿನ ನಾಡಾದ ಮಾರಿಷಸ್‌ಗೂ ಹೋಗಿ ಅಲ್ಲಿನ ಮಲೇರಿಯಾವನ್ನು ಪರಿಶೀಲಿಸಿದರು. 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ನಿಧನರಾದರು.

ಸ್ವತಂತ್ರ ಭಾರತದಲ್ಲಿ 1951ರಲ್ಲಿ ತೋಟ ಕಾರ್ಮಿಕರ ಕಾಯಿದೆ ಅಂಗೀಕಾರವಾಯಿತು. ಕುಡಿಯುವ ನೀರು, ಶೌಚಾಲಯ, ವಸತಿ, ವೈದ್ಯಕೀಯ ನೆರವುಗಳನ್ನು ಒದಗಿಸುವುದು ದೊಡ್ಡ ತೋಟಗಳ ಮಾಲೀಕರ ಹೊಣೆಯಾಯಿತು. ಸಣ್ಣ ಹಿಡುವಳಿಗಳ ಕೂಲಿಗಾರರು ಮಾತ್ರ ಅದರ ಹೊರಗೇ ಉಳಿದರು. ವಿಜ್ಞಾನಿಯು ಕಂಡ ಸತ್ಯ ದುಡಿಯುವವನ ಗುಡಿಸಲನ್ನು ಮುಟ್ಟಿದಾಗಲೇ ಸಾರ್ಥಕವಾಗುತ್ತದೆ.