ಹಾಡಿನಲ್ಲಿದ್ದ ನಾಡು, ನಕಾಶೆಯಲ್ಲಿರಲಿಲ್ಲ

ನವೆಂಬರ್ 1 ಬಂತೆಂದರೆ ಲಕ್ಷ್ಮೇಶ್ವರದ ನಮ್ಮ ಶಾಲೆಯ ಅಂಗಳದಲ್ಲಿ ‘ಉದಯವಾಗಲಿ’ ಹಾಡು ತಪ್ಪುತ್ತಿರಲಿಲ್ಲ. ಬಾಯಿಪಾಠ ಮಾಡಿ ಹಾಡುತ್ತಿದ್ದೆವು, ಪೆಪ್ಪರಮೆಂಟ್ ಇಸಕೊಂಡು ಮನೆಗೆ ಓಡುತ್ತಿದ್ದೆವು. ಅದನ್ನು ಬರೆದವರು 40 ಕಿಲೋಮೀಟರ್ ಆಚೆಯ ಗದಗಿನ ವಕೀಲರು ಅಂತ ನನಗೆ ಗೊತ್ತಾಗಿದ್ದು ಎಂಜಿನಿಯರಿಂಗ್ ಮುಗಿಸಿ ಸುದ್ದಿಮನೆ ಸೇರಿದ ಮೇಲೆ.

ಹುಯಿಲಗೋಳ ನಾರಾಯಣರಾವ್ ಹುಟ್ಟಿದ್ದು 1884ರಲ್ಲಿ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ಆಮೇಲೆ ಕಾನೂನು ಪದವಿ ಪಡೆದು ಗದಗಿನಲ್ಲಿ ವಕೀಲಿಕೆಗೆ ಕೂತರು. ಮುಂಬೈ ಪ್ರಾಂತ್ಯದ ಆ ದಿನಗಳಲ್ಲಿ ನಮ್ಮ ಕಡೆ ಮರಾಠಿಯದೇ ಜೋರು, ರಂಗಭೂಮಿಯಲ್ಲೂ ಅಷ್ಟೇ. ಅಂಥಲ್ಲಿ ಅವರು ‘ವಜ್ರಮುಕುಟ’, ‘ಕನಕವಿಲಾಸ’, ‘ಪತಿತೋದ್ಧಾರ’ದಂಥ ನಾಟಕಗಳನ್ನು ಕನ್ನಡದಲ್ಲಿ ಬರೆದರು.

ಆಗ ಕರ್ನಾಟಕ ಅನ್ನುವ ರಾಜ್ಯವೇ ಇರಲಿಲ್ಲ. ಕನ್ನಡಿಗರು ಮುಂಬೈ, ಮದ್ರಾಸ್ ಪ್ರಾಂತ್ಯಗಳು, ನಿಜಾಮರ ಹೈದರಾಬಾದ್, ಮೈಸೂರು, ಕೊಡಗು ಮತ್ತು ಹತ್ತಾರು ಸಣ್ಣ ಸಂಸ್ಥಾನಗಳಲ್ಲಿ ಹಂಚಿಹೋಗಿದ್ದರು. ಗದಗು ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿತ್ತು, ನಮ್ಮ ಲಕ್ಷ್ಮೇಶ್ವರ ಮೀರಜ್ ಸಂಸ್ಥಾನದಲ್ಲಿ. ಚಕ್ಕಡಿ ಕಟ್ಟಿಕೊಂಡು ಗದಗಿನ ಪ್ಯಾಟಿಗೆ ಹೋದರೂ ದಾರಿಯಲ್ಲೇ ಸರ್ಕಾರ ಬದಲಾಗುತ್ತಿತ್ತು.

1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷರಾಗಿದ್ದ ಏಕೈಕ ಅಧಿವೇಶನ ಅದು. ಅದೇ ಹೊತ್ತಿಗೆ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಅಲ್ಲೇ ಏಕೀಕರಣ ಪರಿಷತ್ತೂ ಸೇರಿತು. ಇಡೀ ದೇಶದ ಮುಂದೆ ನಾರಾಯಣರಾಯರ ಹಾಡು ಕೇಳಿಸಿದ್ದು ಅಲ್ಲಿ. ಸ್ವಾತಂತ್ರ್ಯದ ವೇದಿಕೆ ಮೇಲೆ ನಿಂತು, ನಮಗೂ ಒಂದು ಮನೆ ಬೇಕು ಅಂತ ಕೇಳಿದ ಹಾಗಿತ್ತು ಅದು.

ಹಾಡನ್ನು ಈಗ ನಿಧಾನಕ್ಕೆ ಓದಿ ನೋಡಿ. ಹನುಮ, ಜಕ್ಕಣ, ಮಿತಾಕ್ಷರದ ಪರಂಪರೆ, ಕೃಷ್ಣೆ, ಭೀಮೆ, ಕಾವೇರಿ, ಗೋದಾವರಿ ಎಲ್ಲ ಬರುತ್ತವೆ. ಕಾವೇರಿ–ಗೋದಾವರಿಯ ಈ ಅಳತೆ ‘ಕವಿರಾಜಮಾರ್ಗ’ದಷ್ಟು ಹಳೆಯದು. ಕನ್ನಡದ ತಿರುಳು ಇರುವ ಜಾಗಗಳಲ್ಲಿ ಆ ಗ್ರಂಥ ಎಣಿಸುವ ಪುಲಿಗೆರೆಯೇ ಇವತ್ತಿನ ನಮ್ಮ ಲಕ್ಷ್ಮೇಶ್ವರ. ಇಷ್ಟು ದೊಡ್ಡ ನಾಡು ಸುತ್ತಿದ ಹಾಡು ಕೊನೆಗೆ ಬಂದು ನಿಲ್ಲುವುದು ಗದಗಿನ ವೀರನಾರಾಯಣನ ಹತ್ತಿರ. ಕುಮಾರವ್ಯಾಸ ಕೂತು ಭಾರತ ಬರೆದನೆಂದು ಊರವರು ಕಂಬ ತೋರಿಸುವ ಗುಡಿ ಅದು, ಕವಿ ಚಿಕ್ಕಂದಿನಿಂದ ಕಂಡ ಗುಡಿ. ನಾಡಿನ ಚರಿತ್ರೆ ಹೇಳಹೊರಟ ಮನುಷ್ಯ ತನ್ನ ಊರನ್ನು ಬಿಟ್ಟುಕೊಡಲಿಲ್ಲ.

ಆ ಅಧಿವೇಶನದಲ್ಲಿ ಹಾಡಿದ ಹುಡುಗಿಯರಲ್ಲಿ ಒಬ್ಬಳು ಧಾರವಾಡದ ಗಂಗೂಬಾಯಿ. ಆಗಿನ್ನೂ 11 ವರ್ಷ. ಜಾತಿಯ ಕಾರಣಕ್ಕೆ ಊಟದ ಹೊತ್ತಲ್ಲಿ ತನಗೇನು ಕಾದಿದೆಯೋ ಎಂಬ ಅಳುಕಿತ್ತು ಅಂತ, ದೊಡ್ಡ ಗಾಯಕಿಯಾದ ಮೇಲೂ ಗಂಗೂಬಾಯಿ ಹಾನಗಲ್ ನೆನೆಯುತ್ತಿದ್ದರು. ನಾಡು ಹುಟ್ಟಲಿ ಅಂತ ಎಲ್ಲರೂ ಹಾರೈಸುತ್ತಿದ್ದ ಚಪ್ಪರದಲ್ಲೇ ಒಂದು ಮಗು ತಾನು ಎಲ್ಲಿ ಕೂರಬೇಕೆಂದು ಹೆದರಿತ್ತು. ಆ ಹಾಡಿನ ಚರಿತ್ರೆ ಹೇಳುವಾಗ ಈ ನೆನಪನ್ನೂ ಸೇರಿಸಿಯೇ ಹೇಳಬೇಕು ಅನ್ನೋದು ನನ್ನ ವಾದ.

1956ರ ನವೆಂಬರ್ 1ಕ್ಕೆ ನಾಡು ಒಂದಾಯಿತು, ಆದರೆ ಹೆಸರು ಮೈಸೂರು ಅಂತಲೇ ಉಳಿಯಿತು. ನಾರಾಯಣರಾಯರು 1971ರಲ್ಲಿ ತೀರಿಕೊಂಡರು. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದದ್ದು 1973ರಲ್ಲಿ. ಎರಡು ವರ್ಷದ ಅಂತರದಲ್ಲಿ ಅದನ್ನು ನೋಡೋದು ಅವರಿಗೆ ತಪ್ಪಿತು.

ನಾವು ಈಗ ಎಲ್ಲ ಮುಗಿದೇಹೋಗಿದೆ ಅನ್ನೋ ಹಾಗೆ ಅದನ್ನು ಹಾಡ್ತೀವಿ. ಅವರು ಬರೆದದ್ದು ‘ಆಗಲಿ’ ಅಂತ. ದಲಿತ ಹೆಂಗಸು ಅಡುಗೆ ಮಾಡಿದರೆಂದು ಮಕ್ಕಳಿಗೆ ಬಿಸಿಯೂಟ ಬಿಡಿಸಿದ ಸುದ್ದಿಯನ್ನು ನಾನೇ ಬರೆಯಬೇಕಾಗಿ ಬಂದಾಗಲೆಲ್ಲ ಆ ಪದ ನೆನಪಾಗುತ್ತದೆ. ಆ ಹುಡುಗಿಯ ಅಳುಕು ಇನ್ನೂ ನಮ್ಮ ಶಾಲೆಗಳ ಪಂಕ್ತಿಯಲ್ಲಿ ಕೂತಿದೆ.