ಗಾಜಿನಲ್ಲಿ ಹೂ ಅರಳಿಸಿದ ಟಿಫಾನಿ

ಅಪ್ಪನದು ನ್ಯೂಯಾರ್ಕಿನ ಹೆಸರಾಂತ ಒಡವೆ ಅಂಗಡಿ, ಟಿಫಾನಿ ಆ್ಯಂಡ್ ಕಂಪನಿ. 1848ರಲ್ಲಿ ಹುಟ್ಟಿದ ಮಗ ಲೂಯಿಸ್ ಕಂಫರ್ಟ್ ಟಿಫಾನಿ ಮಾತ್ರ ಚಿತ್ರಕಲೆ ಕಲಿಯೋಕೆ ಹೋದರು, ಆಮೇಲೆ ಗಾಜಿನ ಹಿಂದೆ ಬಿದ್ದರು.

ಆಗ ಗಾಜಿನ ಮೇಲೆ ಬಣ್ಣ ಬಳಿದು ಚಿತ್ರ ಮಾಡೋದು ರೂಢಿ. ಟಿಫಾನಿಗೆ ಬಣ್ಣ ಗಾಜಿನೊಳಗೇ ಇರಬೇಕಿತ್ತು. ಕರಗಿದ ಗಾಜಿನಲ್ಲೇ ಬಣ್ಣಗಳನ್ನು ಬೆರೆಸಿ ಎಲೆ, ದಳ, ಆಕಾಶ ಎಲ್ಲ ತಂದರು. ಜೋಡಿಸೋದು ಹೇಗೆ? ಪ್ರತಿ ತುಂಡಿನ ಅಂಚಿಗೆ ತೆಳು ತಾಮ್ರದ ಪಟ್ಟಿ ಸುತ್ತಿ ಸೋಲ್ಡರ್ ಮಾಡೋದು. ನಮ್ಮ ಲ್ಯಾಬಲ್ಲಿ ಮಾಡ್ತೀವಲ್ಲ, ಅದೇ! ದಪ್ಪ ಸೀಸದ ಪಟ್ಟಿ ಬೇಡ, ಹಾಗಾಗಿ ಉಗುರಿನಷ್ಟು ತುಂಡೂ ಕೂರುತ್ತೆ. ಇವತ್ತು ತೋಟದಲ್ಲಿ ತೂಗುಹಾಕೋ ಗಾಜಿನ ಚಿಟ್ಟೆ, ಹೂವು ಮಾಡೋರೂ ಇದೇ ದಾರಿ ಹಿಡೀತಾರೆ.

ಇದೆಲ್ಲ ಅವರೊಬ್ಬರದೇ ಕೆಲಸ ಅಲ್ಲ. ಹೆಸರಾದ ಎಷ್ಟೋ ದೀಪಗಳ ಡಿಸೈನ್ ಅಲ್ಲಿನ ಮಹಿಳಾ ವಿಭಾಗದ ಮುಖ್ಯಸ್ಥೆ ಕ್ಲಾರಾ ಡ್ರಿಸ್ಕಾಲ್ ಅವರದು. ಇದು ಗೊತ್ತಾಗಿದ್ದು ಸುಮಾರು ನೂರು ವರ್ಷದ ಮೇಲೆ, ಅವರು ಮನೆಗೆ ಬರೆದ ಪತ್ರಗಳಿಂದ.

ಲಾಂಗ್ ಐಲ್ಯಾಂಡಿನಲ್ಲಿ ಟಿಫಾನಿ ಕಟ್ಟಿಸಿದ ಮನೆ ಲಾರೆಲ್ಟನ್ ಹಾಲ್. ತೋಟದ ಕಡೆಯ ಜಗಲಿಯಲ್ಲಿ ಅಮೃತಶಿಲೆಯ ಎಂಟು ಕಂಬ, ಕಂಬದ ತುದೀಲಿ ಗಾಜಿನ ಡ್ಯಾಫೊಡಿಲ್ ಹೂಗೊಂಚಲು. ಆದ್ರೆ ಫ್ಯಾಷನ್ ಬದಲಾಯ್ತು. 1932ರಲ್ಲಿ ಕಂಪನಿ ದಿವಾಳಿ, 1933ರಲ್ಲಿ ಅವರೂ ತೀರಿಕೊಂಡರು. 1957ರಲ್ಲಿ ಮನೆಗೆ ಬೆಂಕಿ ಬಿತ್ತು. ಹಿಂದೆ ಅಲ್ಲೇ ಇದ್ದು ಕಲಿತಿದ್ದ ಹ್ಯೂ ಮೆಕೀನ್ ಮತ್ತು ಪತ್ನಿ ಜೆನೆಟ್ ಉಳಿದದ್ದನ್ನು ಕಾಪಾಡಿ ತಂದರು. ಆ ಡ್ಯಾಫೊಡಿಲ್‌ಗಳು ಈಗ ಫ್ಲೋರಿಡಾದ ಮೋರ್ಸ್ ಮ್ಯೂಸಿಯಂನಲ್ಲಿವೆ, ಇನ್ನೂ ಬಾಡಿಲ್ಲ.